ಎಫ್‌ಟಿ-101ಇಗೆ ಕರೆಂಟ್ ಕೊಡುವ ಮುನ್ನ

ಹಳೆಯ ಯಾಯೆಸು ಎಫ್‌ಟಿ-101ಇ ಹ್ಯಾಮ್ ರೇಡಿಯೊ ಕೈಗೆ ಸಿಕ್ಕಿದ ಖುಷಿಯಲ್ಲಿ ನೇರವಾಗಿ ಪ್ಲಗ್ ಚುಚ್ಚಬೇಡಿ. ಟ್ರಾನ್ಸ್‌ಫಾರ್ಮರ್ ಟ್ಯಾಪ್ (ಎಷ್ಟು ವೋಲ್ಟ್‌ಗೆ ಎಂದು ಆರಿಸುವ ಜೋಡಣೆ) ನಮ್ಮ ಮನೆಯ ಕರೆಂಟಿಗಲ್ಲದೆ 117 ವೋಲ್ಟ್‌ಗೆ ಇದ್ದೀತು, ಮೊದಲು ಅದನ್ನು ನೋಡಿ.

ಇದರಲ್ಲಿ ವಾಲ್ವ್ ಇರುವುದು ಮೂರೇ: ಡ್ರೈವರ್ 12ಬಿವೈ7ಎ, ಫೈನಲ್‌ನಲ್ಲಿ (ಆಂಟೆನಾಗೆ ಶಕ್ತಿ ಕೊಡುವ ಕೊನೆಯ ಹಂತ) ಒಂದು ಜೋಡಿ 6ಜೆಎಸ್6ಸಿ. ಡ್ರೈವರ್ ಪ್ಲೇಟಿನಿಂದ ಫೈನಲ್ ಗ್ರಿಡ್‌ಗೆ ಹೋಗುವ ಕಪ್ಲಿಂಗ್ ಕೆಪಾಸಿಟರೇ ದೊಡ್ಡ ಶತ್ರು. ಅದು ಸೋರಿದರೆ ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್‌ನ ಋಣ ವೋಲ್ಟೇಜ್, ಅಂದರೆ ಬಯಾಸ್, ಕುಸಿಯುತ್ತದೆ, ಪ್ಲೇಟ್ ಕೆಂಪಗೆ ಕಾಯುತ್ತದೆ, ದುಬಾರಿ ಜೋಡಿ ಕ್ಷಣದಲ್ಲಿ ಹೋಗುತ್ತದೆ. ಪರೀಕ್ಷಿಸುತ್ತ ಕೂರದೆ ಅಷ್ಟೇ ಮೌಲ್ಯದ 1 ಕಿಲೋವೋಲ್ಟ್‌ನದು ಹಾಕಿಬಿಡಿ. ಒಳಗೆ ಕೈ ಹಾಕುವ ಮುನ್ನ ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಹಿಡಿದು ಖಚಿತಪಡಿಸಿಕೊಳ್ಳಿ. ಅಲ್ಲಿರುವುದು 600 ವೋಲ್ಟ್.

ಫೈನಲ್ ಹೀಟರ್ ಉರಿಯದಿದ್ದರೆ ವಾಲ್ವ್ ಸತ್ತಿದೆ ಎನ್ನುವ ಮುನ್ನ ರೇಡಿಯೊದ ಹಿಂಬದಿಯ ಎಸಿಸಿ (ಆಕ್ಸೆಸರಿ) ಸಾಕೆಟ್‌ನಲ್ಲಿ ಪ್ಲಗ್ ಇದೆಯೇ ನೋಡಿ. ಹೀಟರ್ ದಾರಿ ಅದರ ಜಂಪರ್ ಮೂಲಕವೇ ಹೋಗುತ್ತದೆ.

ಬಯಾಸ್ ಹೊಂದಿಸುವ ಮುನ್ನ ರೇಡಿಯೊವನ್ನು ಹತ್ತು ನಿಮಿಷವಾದರೂ ಕಾಯಿಸಿ. ಆಂಟೆನಾ ಬದಲು 50 ಓಮ್ ಡಮ್ಮಿ ಲೋಡ್, ಸೈಡ್‌ಬ್ಯಾಂಡ್ ಮೋಡ್, ಮೈಕ್ ಗೇನ್ ಸೊನ್ನೆ, ಮೀಟರ್ ಐಸಿಯಲ್ಲಿ (ಫೈನಲ್‌ನ ಕ್ಯಾಥೋಡ್ ಕರೆಂಟ್). ಮೈಕ್‌ನ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ, ಬಯಾಸ್ ಕಂಟ್ರೋಲ್ ತಿರುಗಿಸಿ 60 ಮಿಲಿಆಂಪ್‌ಗೆ ನಿಲ್ಲಿಸಿ. ಗುಂಡಿ ಒತ್ತಿದ ಕೂಡಲೇ ಎಲ್ಲವೂ ಆಗಬೇಕೆನ್ನುವ ಈ ಕಾಲದಲ್ಲಿ, ಗಾಜಿನೊಳಗೆ ಕಿತ್ತಳೆ ಬೆಳಕು ಹತ್ತುವವರೆಗೆ ಸುಮ್ಮನೆ ಕೂರುವುದು ನಿಜಕ್ಕೂ ಹಿತ.

ಟ್ಯೂನ್ ಮಾಡುವಾಗ ಪ್ಲೇಟ್ ನಾಬ್‌ನಲ್ಲಿ ಡಿಪ್ (ಮೀಟರ್ ಮುಳ್ಳು ಕೆಳಗಿಳಿಯುವ ಜಾಗ) ಹುಡುಕಿ, ಆಮೇಲೆ ಲೋಡ್ ನಾಬ್. ಒಂದು ಸಲಕ್ಕೆ ಹತ್ತು ಸೆಕೆಂಡು ಮೀರಬೇಡಿ, ನಡುವೆ ಬಿಡುವು ಕೊಡಿ. ಫೈನಲ್ ವಾಲ್ವ್ ಬದಲಿಸಿದರೆ ನ್ಯೂಟ್ರಲೈಸೇಶನ್ (ವಾಲ್ವ್ ಒಳಗಿನ ಕೆಪಾಸಿಟೆನ್ಸ್ ಮೂಲಕ ಸಿಗ್ನಲ್ ಹಿಂದಕ್ಕೆ ಹೋಗದಂತೆ ಸರಿದೂಗಿಸುವುದು) ಮತ್ತೆ ಮಾಡಲೇಬೇಕು. ಬೇರೆ ಕಂಪನಿಯ 6ಜೆಎಸ್6ಸಿ ಹಾಕಿದಾಗಂತೂ ಒಳಗಿನ ಕೆಪಾಸಿಟೆನ್ಸ್ ಬೇರೆಯಾಗಿ, 10 ಮೀಟರ್ ಬ್ಯಾಂಡ್‌ನಲ್ಲಿ ಆಸಿಲೇಶನ್ (ತಾನಾಗಿಯೇ ಸಿಗ್ನಲ್ ಹುಟ್ಟಿಸುವುದು) ಶುರುವಾಗಬಹುದು.