ಉಪ್ಪುಗಾಳಿ ತಿಂದ ಕಾರ್ಡು

2024ರ ಜುಲೈ ಮೊದಲ ವಾರ, ಶನಿವಾರ ರಾತ್ರಿ. ತಮ್ಮ ಬೆಂಗಳೂರಿನ ರೂಮಿನಲ್ಲಿ, ನಾನು ಕಾರವಾರದ ಕೋಡಿಬಾಗದ ಮನೆಯಲ್ಲಿ. ಇಬ್ಬರೂ ಕಂಪ್ಯೂಟರ್ ಮುಂದೆ, ಕಿವಿಗೆ ಹೆಡ್‌ಫೋನು. ನನ್ನ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪ. ಶನಿವಾರ ಬಂತೆಂದರೆ ನಾವಿಬ್ಬರೂ ಸೇರಿ ಲಾರಿ ಓಡಿಸುವ ಆಟ ಆಡುತ್ತೇವೆ. ಅಪ್ಪ ಇಪ್ಪತ್ತೆರಡು ವರ್ಷ ನಿಜವಾದ ಲಾರಿಯನ್ನೇ ಓಡಿಸಿದವರು. ಹೊಸಪೇಟೆ ಕಡೆಯಿಂದ ಬೇಲೆಕೇರಿಗೆ ಅದಿರು ಹೇರಿಕೊಂಡು ಎಷ್ಟು ಸಲ ಅರಬೈಲು ಘಟ್ಟ ಇಳಿದಿದ್ದಾರೋ, ಲೆಕ್ಕ ಅವರಿಗೂ ಗೊತ್ತಿಲ್ಲ. ಈಗ ಮಂಡಿನೋವು, ಮನೆಯಲ್ಲೇ ಇರುತ್ತಾರೆ. ಶನಿವಾರದ ಆ ಎರಡು ತಾಸು ಮಾತ್ರ ಅವರ ಬಾಯಿ ನಿಲ್ಲುವುದಿಲ್ಲ. "ತಿರುವು ಬಂತು, ಬ್ರೇಕ್ ಮೇಲೇ ಕಾಲಿಟ್ಟು ಕೂರಬೇಡ, ಗೇರ್ ಇಳಿಸು" ಅನ್ನುತ್ತಲೇ ಇರುತ್ತಾರೆ.

ಆ ರಾತ್ರಿ ಪರದೆಯ ತುಂಬ ಹಸಿರು ಚುಕ್ಕಿ ಬಂದವು. ಆಮೇಲೆ ಅಡ್ಡಗೆರೆ. ಆಮೇಲೆ ಎಲ್ಲ ಕಪ್ಪು. ಫ್ಯಾನ್ ತಿರುಗುತ್ತಿತ್ತು, ಕೀಬೋರ್ಡಿನ ದೀಪ ಉರಿಯುತ್ತಿತ್ತು, ಡಿಸ್‌ಪ್ಲೇ ಮಾತ್ರ ಇಲ್ಲ.

ನನ್ನದು 2019ರಲ್ಲಿ ಜೋಡಿಸಿದ ಕಂಪ್ಯೂಟರ್. ರೈಜನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡು, ಪರದೆಗೆ ಚಿತ್ರ ಕಳಿಸುವ 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡು. ಈ ಪ್ರೊಸೆಸರ್‌ನ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡು ಸತ್ತರೆ ಆಟ ಹೋಗಲಿ, ಒಂದು ಅರ್ಜಿ ಟೈಪ್ ಮಾಡುವುದಕ್ಕೂ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಕ್ಯಾಬಿನೆಟ್ ಬಿಚ್ಚಿ ಕಾರ್ಡನ್ನು ಹೊರಗೆ ತೆಗೆದೆ. ಕಿಟಕಿಯ ಬೆಳಕಿಗೆ ಹಿಡಿದಾಗ ಹೊಟ್ಟೆ ಕಿವುಚಿದ ಹಾಗಾಯಿತು. ಹಿಂಬದಿಯ ತಗಡಿನ ಸ್ಕ್ರೂ ಎರಡೂ ತುಕ್ಕು ಹಿಡಿದು ಕಂದಾಗಿದ್ದವು. ಹೀಟ್‌ಸಿಂಕಿನ ಅಲ್ಯೂಮಿನಿಯಂ ಪಟ್ಟಿಗಳ ಅಂಚಿಗೆ ಬಿಳಿ ಪುಡಿ. ಬೆರಳಲ್ಲಿ ಮುಟ್ಟಿದರೆ ಸುಣ್ಣದ ಹಾಗೆ ಅಂಟುತ್ತಿತ್ತು. ಸ್ಲಾಟಿನೊಳಗೆ ಕೂರುವ ಚಿನ್ನದ ಬಣ್ಣದ ಹಲ್ಲುಗಳಲ್ಲಿ ನಾಲ್ಕೈದು ಕಪ್ಪಾಗಿದ್ದವು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಬ್ರಷ್ಷಿನಿಂದ ಪುಡಿ ಕೊಡವಿ, ಮತ್ತೆ ಕೂರಿಸಿದೆ. ಬರಲಿಲ್ಲ.

ಐದು ವರ್ಷ ನಾನು ಆ ಕಂಪ್ಯೂಟರನ್ನು ಸಮುದ್ರದ ಕಡೆಯ ಕಿಟಕಿಯ ಪಕ್ಕ ಇಟ್ಟಿದ್ದೆ. ಗಾಳಿ ಬಂದರೆ ತಂಪಾಗಿರುತ್ತದೆ ಅಂತ. ಆ ಗಾಳಿಯಲ್ಲಿ ಉಪ್ಪಿದೆ, ಅಲ್ವಾ? ಉಪ್ಪು ಕೂತಲ್ಲಿ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಪ್ಯೂಟರ್ ಓಡುತ್ತಿದ್ದರೆ ಒಳಗಿನ ಬಿಸಿಗೆ ಸ್ವಲ್ಪ ಒಣಗುತ್ತದೆ. ಜೂನಿನಲ್ಲಿ ಕರೆಂಟಿನ ಕಾಟಕ್ಕೆ ಹೆದರಿ ಎರಡು ವಾರ ಅದನ್ನು ಹಚ್ಚಿಯೇ ಇರಲಿಲ್ಲ. ಕೆಡುವುದಕ್ಕೆ ಅಷ್ಟು ಸಾಕಾಯಿತು ಅಂತ ಕಾಣುತ್ತದೆ.

ಪೇಟೆಯಲ್ಲಿ ರಿಪೇರಿ ಮಾಡುವವರೊಬ್ಬರಿಗೆ ಕೊಟ್ಟೆ. ಚಿಪ್ಪಿಗೆ ಬಿಸಿಗಾಳಿ ಕೊಟ್ಟು ನೋಡುತ್ತೇನೆ, ಗ್ಯಾರಂಟಿ ಇಲ್ಲ ಎಂದು ಮೊದಲೇ ಹೇಳಿದರು. ನಾಲ್ಕು ದಿನ ಓಡಿತು. ಐದನೇ ದಿನ ಮತ್ತೆ ಅದೇ ಹಸಿರು ಚುಕ್ಕಿ.

ಹೊಸದು ತಗೊಳ್ಳೋಣ ಅಂತ ತಮ್ಮನ ಜೊತೆ ಮಾತಾಗಿತ್ತು. ಅಷ್ಟರಲ್ಲಿ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಾದಂಗಡಿ ಹೋಯಿತು, ಜನ ಹೋದರು, ನಿಂತಿದ್ದ ಲಾರಿ ಗಂಗಾವಳಿಯ ಪಾಲಾಯಿತು. ಅಪ್ಪ ವಾರಗಟ್ಟಲೆ ಟೀವಿ ಮುಂದಿನಿಂದ ಏಳಲಿಲ್ಲ. ಆ ರಸ್ತೆಯಲ್ಲಿ ಲಾರಿ ನಿಲ್ಲಿಸಿ ಚಾ ಕುಡಿದವರು ಅವರು. ಮನೆಯಲ್ಲಿ ಕಂಪ್ಯೂಟರ್ ಮಾತು ಯಾರೂ ಎತ್ತಲಿಲ್ಲ.

ಆಗಸ್ಟ್ ಹತ್ತಿರ ಬಂದಾಗ ತಮ್ಮನೇ ಫೋನ್ ಮಾಡಿ, "ಅಣ್ಣ, ಅಪ್ಪ ಸುಮ್ನೆ ಕೂತಿರ್ತಾರಂತೆ, ಆಯಿ ಹೇಳಿದ್ಲು. ಕಾರ್ಡು ನೋಡು, ನಾನು ಎಂಟು ಸಾವಿರ ಹಾಕ್ತೀನಿ" ಅಂದ. ಮಾಡಿನ ಹಂಚು ಸರಿಮಾಡಿಸಿದ ಮೇಲೆ ನನ್ನ ಹತ್ತಿರ ಹನ್ನೆರಡು ಉಳಿದಿತ್ತು. ಅಲ್ಲಿಗೆ ಇಪ್ಪತ್ತು ಸಾವಿರ. ಅದರ ಮೇಲೆ ಹೋಗುವ ಹಾಗಿಲ್ಲ.

ಮೊದಲು ನಾನು ಎಲ್ಲರಂತೆ ಕಾರ್ಡುಗಳನ್ನೇ ನೋಡುತ್ತಾ ಕೂತೆ. ಯಾವುದು ಎಷ್ಟು ವೇಗ, ಯಾವುದಕ್ಕೆ ಎಷ್ಟು ಬೆಲೆ. ಮೂರು ರಾತ್ರಿ ಹೀಗೇ ಕಳೆಯಿತು, ತಲೆ ಕೆಟ್ಟಿತು. ಅಪ್ಪ ಒಂದೇ ಮಾತು ಕೇಳಿದರು, "ಇಂಜಿನ್ ದೊಡ್ಡದು ಹಾಕ್ತೀಯ ಸರಿ. ನಿನ್ನ ಚಾಸಿ ತಡೀತದಾ?" ಕಾರ್ಡಿನ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.

ಮತ್ತೆ ಕ್ಯಾಬಿನೆಟ್ ಬಿಚ್ಚಿದೆ. ಒಳಗೆಲ್ಲ ಕರೆಂಟು ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್ ಮೇಲಿನ ಚೀಟಿಗೆ ಟಾರ್ಚ್ ಬಿಟ್ಟು ಓದಿದೆ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತ ಇರುತ್ತದೆ, ಅದನ್ನು ನೋಡಿದರೆ ಸಾಲದು. ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಲೈನಿಗೆ ಎಷ್ಟು ಆಂಪಿಯರ್ ಅಂತ ನೋಡಬೇಕು. ನನ್ನದರಲ್ಲಿ 35 ಇತ್ತು. 12ರಿಂದ ಗುಣಿಸಿದರೆ 420 ವ್ಯಾಟ್. ಕಾರ್ಡು, ಪ್ರೊಸೆಸರ್ ಎರಡೂ ಹೆಚ್ಚಾಗಿ ಈ ಲೈನಿನಿಂದಲೇ ಉಣ್ಣುತ್ತವೆ. ಹಳೆಯ 1050 ಟಿಐಗೆ 75 ವ್ಯಾಟ್ ಸಾಕು, ಅಷ್ಟು ಸ್ಲಾಟಿನಿಂದಲೇ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಬೇಕು. ನೋಡಿದರೆ ಎಂಟು ಪಿನ್ನಿನ ವೈರೊಂದು ಐದು ವರ್ಷದಿಂದ ಬಳಸದೆ, ಮೂಲೆಯಲ್ಲಿ ಸುತ್ತಿಟ್ಟಂತೆಯೇ ಇತ್ತು. ಆಯಿಯ ಹೊಲಿಗೆ ಟೇಪು ತಂದು ಒಳಗಿನ ಉದ್ದ ಅಳೆದೆ. 27 ಸೆಂಟಿಮೀಟರ್. ಮಾನಿಟರ್ 1080ಪಿಯದು, ಅದನ್ನು ಬದಲಿಸುವ ಯೋಚನೆ ಇಲ್ಲ.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡ ಮೇಲೆ ದಾರಿ ತಾನಾಗಿ ಕಂಡಿತು. ಹದಿನೈದು ಸಾವಿರದೊಳಗೆ ಆರ್‌ಎಕ್ಸ್ 6500 ಎಕ್ಸ್‌ಟಿ ಸಿಗುತ್ತಿತ್ತು. ಅದು ಬೋರ್ಡಿನ ಜೊತೆ ಮಾತಾಡುವುದು ನಾಲ್ಕೇ ಲೇನಿನಲ್ಲಿ, ಅಂದರೆ ಡೇಟಾ ಓಡುವ ನಾಲ್ಕೇ ದಾರಿಯಲ್ಲಿ. ಹೊಸ ಬೋರ್ಡಾದರೆ ಹೇಗೋ ನಡೆಯುತ್ತದೆ. ನನ್ನ ಬೋರ್ಡಿನಲ್ಲಿ ಕಾರ್ಡು ಕೂರುವ ಸ್ಲಾಟು ಪಿಸಿಐಇ ಮೂರನೇ ಪೀಳಿಗೆಯದು, ಪ್ರತಿ ಲೇನಿನ ವೇಗ ನಾಲ್ಕನೆಯದರ ಅರ್ಧ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಅದು ರ್‍ಯಾಮಿಗೆ ಕೈಚಾಚುತ್ತದೆ, ಆಗ ಆ ಕಿರುದಾರಿಯಲ್ಲಿ ಸಿಕ್ಕಿಕೊಂಡು ಆಟ ತಡವರಿಸುತ್ತದೆ. ಬೇಡ ಅಂದೆ. ಇಂಟೆಲ್‌ನ ಆರ್ಕ್ ಎ750 ಆಸೆ ಹುಟ್ಟಿಸಿತ್ತು, ಆದರೆ ಅದಕ್ಕೆ ರೀಸೈಜಬಲ್ ಬಾರ್ ಬೇಕು, ಅಂದರೆ ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಮ್ಮೆಗೇ ಮುಟ್ಟುವ ಸೌಲಭ್ಯ, ನನ್ನ ಪ್ರೊಸೆಸರ್ ಅದಕ್ಕಿಂತ ಹಳೆಯದು. ಆರ್‌ಟಿಎಕ್ಸ್ 3050 ಬಗ್ಗೆ ಮಾತ್ರ ಓದುವವರಿಗೆ ಒಂದು ಮಾತು ಹೇಳಲೇಬೇಕು. ಆ ಹೆಸರಲ್ಲಿ ಎರಡು ಕಾರ್ಡುಗಳಿವೆ. 2022ರ 8 ಜಿಬಿಯದು ಬೇರೆ, 2024ರಲ್ಲಿ ಬಂದ 6 ಜಿಬಿಯದು ಬೇರೆ. ಎರಡನೆಯದರಲ್ಲಿ ಮೆಮೊರಿ ಮಾತ್ರ ಅಲ್ಲ, ಕೋರ್‌ಗಳೂ ಕಡಿಮೆ. ಅದರ ದೊಡ್ಡ ಗುಣ 70 ವ್ಯಾಟಿನಲ್ಲಿ ಓಡುವುದು, ಬೇರೆ ವೈರೇ ಬೇಡ. ಎಸ್‌ಎಂಪಿಎಸ್ ದುರ್ಬಲವಾಗಿರುವವರಿಗೆ ಅದೇ ಒಳ್ಳೆಯದು. ನನ್ನ ಹತ್ತಿರ ವೈರು ಇತ್ತು.

ಉಳಿದದ್ದು ಆರ್‌ಎಕ್ಸ್ 6600. 8 ಜಿಬಿ, 132 ವ್ಯಾಟ್, ಒಂದೇ ಎಂಟು ಪಿನ್ನು. ಪ್ರೊಸೆಸರಿಗೆ 65, ಉಳಿದದ್ದಕ್ಕೆಲ್ಲ 50 ಹಿಡಿದರೂ 250 ದಾಟುವುದಿಲ್ಲ. ಇದಕ್ಕೆ ಎಂಟೇ ಲೇನು, ಆದರೆ ಮೆಮೊರಿ ಸಾಕಷ್ಟು ಇರುವುದರಿಂದ ಹಳೆ ಬೋರ್ಡಿನಲ್ಲೂ ಅಷ್ಟೇನೂ ನಷ್ಟ ಇಲ್ಲ. ತೊಂದರೆ ಬೆಲೆಯದೇ. ಆಗ ಎಲ್ಲಿ ನೋಡಿದರೂ ಇಪ್ಪತ್ತೊಂದು ಸಾವಿರದ ಆಸುಪಾಸು ಇತ್ತು.

ಆಗಸ್ಟ್ ಮಧ್ಯದಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಆನ್‌ಲೈನ್‌ನಲ್ಲೇ ತರಿಸಬಹುದಿತ್ತು. ಆದರೆ ನನಗೆ ಕೈಗೆ ಬಿಲ್ಲು ಬೇಕು, ಕೆಟ್ಟರೆ ಕೇಳಲು ಒಂದು ಮುಖ ಬೇಕು. ಅಂಗಡಿಯವರು ಮೊದಲ ಮಾತಿಗೇ, "ನಿಮ್ದು ಎಸ್‌ಎಂಪಿಎಸ್ ಯಾವ್ದೈತ್ರಿ?" ಎಂದು ಕೇಳಿದರು. ಚೀಟಿಯ ಫೋಟೋ ತೋರಿಸಿದೆ. ಹಿಗ್ಗಿಸಿ ನೋಡಿ, "ನಡೀತೈತ್ರಿ" ಅಂದರು. ಅಲ್ಲೇ ಪಕ್ಕದಲ್ಲಿ 12 ಜಿಬಿಯ ಆರ್‌ಟಿಎಕ್ಸ್ 3060 ಇತ್ತು, ಸೆಕೆಂಡ್ ಹ್ಯಾಂಡ್, ಹದಿನಾರು ಸಾವಿರ. ನಿಜ ಹೇಳುತ್ತೇನೆ, ಮನಸ್ಸು ಜಾರಿತು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ, ಅಂದರೆ ಕಾರ್ಡುಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು, ನಿಂತಾಗಿನಿಂದ ಇಂಥ ಕಾರ್ಡು ಬೇಕಾದಷ್ಟು ಮಾರುಕಟ್ಟೆಗೆ ಬಂದಿದ್ದವು. ಹಗಲು ರಾತ್ರಿ ದುಡಿದದ್ದೆಲ್ಲ ಕೆಟ್ಟದ್ದೇ ಆಗಿರಬೇಕೆಂದಿಲ್ಲ. ಆದರೆ ಬಿಲ್ಲಿಲ್ಲ, ವಾರಂಟಿ ಇಲ್ಲ. ಕಾರವಾರದ ಗಾಳಿಗೆ ಒಂದು ಕಾರ್ಡು ಕೊಟ್ಟವನು ನಾನು. ಮೂರು ವರ್ಷದ ವಾರಂಟಿ ನನಗೆ 12 ಜಿಬಿಗಿಂತ ದೊಡ್ಡದು. ಚೌಕಾಸಿ ಮಾಡಿ ಇಪ್ಪತ್ತು ಸಾವಿರದ ಐನೂರಕ್ಕೆ 6600 ತಗೊಂಡೆ. ಮೇಲಿನ ಐನೂರನ್ನು ಹೊರಡುವಾಗ ಅಪ್ಪನೇ ನನ್ನ ಜೇಬಿಗೆ ತುರುಕಿದ್ದರು.

ಬಾಕ್ಸನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಬ್ಯಾಗಿನಲ್ಲಿ ಟವೆಲ್ಲಿನ ನಡುವೆ ಇಟ್ಟು, ತೊಡೆಯ ಮೇಲೆ ಹಿಡಿದುಕೊಂಡೇ ಬಂದೆ. ಅರಬೈಲಿನಲ್ಲಿ ಮಂಜು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಮನೆಗೆ ಬಂದವನು ಮೊದಲು ಮೇಜನ್ನೇ ಕಿಟಕಿಯಿಂದ ತೆಗೆದು ಒಳಗೋಡೆಗೆ ಹಾಕಿದೆ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಂಡು ಕಾರ್ಡು ಕೂರಿಸಿದೆ. ಸ್ಲಾಟಿನ ತುದಿಯ ಕೊಂಡಿ 'ಟಿಕ್' ಅಂದಿತು. ಸುತ್ತಿಟ್ಟಿದ್ದ ವೈರು ಬಿಚ್ಚಿ ಎಂಟು ಪಿನ್ನಿಗೆ ಒತ್ತಿದೆ. ಡಿಸ್‌ಪ್ಲೇ ಬಂತು. ಹಳೆಯ ಎನ್‌ವಿಡಿಯಾ ಕಾರ್ಡನ್ನು ನಡೆಸುತ್ತಿದ್ದ ಡ್ರೈವರ್ ತಂತ್ರಾಂಶವನ್ನು ಸೇಫ್ ಮೋಡಿನಲ್ಲಿ ಪೂರ್ತಿ ಕಿತ್ತು, ಹೊಸ ಕಾರ್ಡಿನ ಕಂಪನಿಯಾದ ಎಎಂಡಿಯದು ಹಾಕಿದೆ. ಈಗ ಮಳೆಗಾಲದಲ್ಲಿ ಆಟ ಇರಲಿ ಬಿಡಲಿ, ಕರೆಂಟು ಇದ್ದ ದಿನ ಅರ್ಧ ತಾಸು ಹಚ್ಚಿಡುತ್ತೇನೆ. ಆರಿಸಿ ತಣ್ಣಗಾದ ಮೇಲೆ ಬಟ್ಟೆ ಹೊದಿಸುತ್ತೇನೆ.

ಆ ಶನಿವಾರ ತಮ್ಮ ಆನ್‌ಲೈನ್ ಬಂದ. ಅಪ್ಪನನ್ನು ನಾನು ಕರೆಯಲಿಲ್ಲ, ಶಿರೂರಿನ ದುರಂತ ಆದ ಮೇಲೆ ಲಾರಿಯ ಆಟ ನೋಡುವ ಮನಸ್ಸು ಅವರಿಗೆ ಇರುತ್ತದೋ ಇಲ್ಲವೋ ಅಂತ. ಬೆಟ್ಟದ ರಸ್ತೆ, ಆಟದಲ್ಲೂ ಮಳೆ. ಗಾಜಿನ ಮೇಲೆ ಇಳಿಯುವ ಹನಿ ಹಳೆ ಕಾರ್ಡಿನಲ್ಲಿ ಇಷ್ಟು ಚೆನ್ನಾಗಿ ಕಂಡಿರಲಿಲ್ಲ. ಅರ್ಧ ಇಳಿಜಾರು ಇಳಿದಿರಬೇಕು, ಹಿಂದೆ ಪ್ಲಾಸ್ಟಿಕ್ ಕುರ್ಚಿ ಎಳೆದ ಸದ್ದಾಯಿತು.

"ವೈಪರ್ ಹಾಕೋ" ಅಂದರು ಅಪ್ಪ. "ಮತ್ತೆ ಗೇರ್ ಇಳಿಸು."