ಪರಿಷೆಗೆ ಹೊರಟ ದಿನ ಕೆನ್ನೆಗೊಂದು ದುಪಟ್ಟಾ

ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗೋಣ ಅಂತ ಅಕ್ಕ ಫೋನ್ ಮಾಡಿದಳು. ನಾನು ಮೊದಲು ಕೇಳಿದ್ದು ಎಷ್ಟು ಹೊತ್ತಿಗೆ ಅಂತ. ಸಂಜೆ ಬೇಡ ಕಣೇ, ಬಿಸಿಲಿರುವಾಗಲೇ ಹೋಗಿ ಬರೋಣ ಅಂದೆ. ಆ ಹೊತ್ತಿನ ಬೆಂಗಳೂರಿನ ಸಂಜೆಗಾಳಿ ಎಲ್ಲರಿಗೂ ಹಿತ, ನನ್ನ ಬಲಗೆನ್ನೆಗೆ ಮಾತ್ರ ಆಗಿಬರುವುದಿಲ್ಲ.

ನನಗಿರುವುದು ಟ್ರೈಜೆಮಿನಲ್ ನ್ಯುರಾಲ್ಜಿಯಾ. ಮುಖಕ್ಕೆ ಏನೇ ತಾಕಿದರೂ ಮೆದುಳಿಗೆ ಸುದ್ದಿ ಮುಟ್ಟಿಸುವ ನರ ಇದೆಯಲ್ಲ, ಹಣೆ-ಕಣ್ಣಿನ ಕಡೆಗೊಂದು, ಮೇಲಿನ ದವಡೆಗೊಂದು, ಕೆಳಗಿನ ದವಡೆಗೊಂದು ಅಂತ ಮೂರು ಕವಲಾಗುತ್ತದೆ, ಅದರ ನೋವು. ಬಹಳ ಜನರಲ್ಲಿ ಮೆದುಳಿನ ಬುಡದ ಹತ್ತಿರ ಒಂದು ರಕ್ತನಾಳ ಈ ನರವನ್ನು ಒತ್ತಿ ಒತ್ತಿ ಅದರ ಹೊದಿಕೆ ಸವೆದಿರುತ್ತದಂತೆ. ಆಮೇಲೆ ಸುಮ್ನೆ ಬೆರಳು ತಾಕಿದರೂ ಕರೆಂಟ್ ಹೊಡೆದ ಹಾಗೆ. ಕೆಲವು ಸೆಕೆಂಡು, ಜಾಸ್ತಿ ಅಂದ್ರೆ 2 ನಿಮಿಷ. ಶುರುವಿನಲ್ಲಿ ಹಲ್ಲುನೋವು ಅಂತಲೇ ಅಂದುಕೊಂಡು ರೂಟ್ ಕೆನಾಲ್ ಕೂಡ ಆಯಿತು, ನೋವು ಅಲ್ಲೇ ಇತ್ತು. ಹೀಗೆ ಹಲ್ಲಿನ ಡಾಕ್ಟರ ಹತ್ತಿರ ಓಡಾಡಿ ಕೊನೆಗೆ ನರರೋಗದ ಡಾಕ್ಟರ ಹತ್ತಿರ ಬರುವವರು ತುಂಬಾ ಜನ.

ಪರಿಷೆಯ ದಿನವೂ ಬೆಳಗಾಗಿದ್ದು ಮಾತ್ರೆಯಿಂದಲೇ. ಕಾರ್ಬಮಜೆಪೈನ್, ಮೂಲತಃ ಫಿಟ್ಸ್‌ಗೆ ಕೊಡುವ ಔಷಧಿ. ಅದನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅಭ್ಯಾಸ, ಉಳಿದದ್ದೆಲ್ಲ ಅದರ ಹಿಂದೆ. ನೋವಿಲ್ಲ ಅಂತ ನಾವೇ ಥಟ್ಟನೆ ನಿಲ್ಲಿಸುವ ಹಾಗಿಲ್ಲ. ಮೈಮೇಲೆ ದದ್ದು ಎದ್ದರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು. ಸೋಡಿಯಂ ಇಳಿಯಬಹುದು, ಅದಕ್ಕೇ ಆಗಾಗ ರಕ್ತ ಪರೀಕ್ಷೆ. ತಲೆ ಸುತ್ತುತ್ತದೆ ಅಂತ ಸ್ಕೂಟರ್ ಬಿಟ್ಟಿದ್ದೇನೆ.

ಮಾತ್ರೆ ಹಿಡಿಯುವವರೆಗೂ ಬ್ರಷ್ ಮುಟ್ಟುವುದಿಲ್ಲ. ಆಮೇಲೆ ಮೆತ್ತನೆ ಬ್ರಷ್, ಉಗುರುಬೆಚ್ಚಗಿನ ನೀರು. ಬಲಗಡೆಯ ಹಿಂದಿನ ಹಲ್ಲುಗಳಿಗೆ ಬ್ರಷ್ ಹೋಗುವಾಗ ಕೈ ತಾನಾಗಿಯೇ ನಿಧಾನವಾಗುತ್ತದೆ. ಹಾಗಂತ ಹಲ್ಲುಜ್ಜುವುದನ್ನು ಬಿಟ್ಟರೆ ನಿಜವಾದ ಹಲ್ಲುನೋವೇ ಬಂದು ಸೇರಿಕೊಳ್ಳುತ್ತದೆ, ಅಲ್ವಾ? ಮುಖಕ್ಕೆ ನೀರು ಎರಚಿಕೊಳ್ಳುವುದಿಲ್ಲ. ಹಳೇ ಪಂಚೆಯ ತುಂಡು ಬಿಸಿನೀರಲ್ಲಿ ಹಿಂಡಿ, ಒತ್ತಿ ಒತ್ತಿ ಒರೆಸಿಕೊಳ್ಳುತ್ತೇನೆ, ಉಜ್ಜುವುದಿಲ್ಲ. ತಿಂಡಿಗೆ ಸಾಂಬಾರಿನಲ್ಲಿ ನೆನೆದ ಇಡ್ಲಿ, ಅದೂ ಹೊಗೆಯಾಡದ ಹಾಗೆ ಆರಿದ ಮೇಲೆ.

ಆಟೋದಲ್ಲಿ ನಾನು ನಡುವೆ. ಒಂದು ಕಡೆ ಅಕ್ಕ, ಇನ್ನೊಂದು ಕಡೆ ಅವಳ ಸೊಸೆ. ಮುಖಕ್ಕೆ ಹತ್ತಿಯ ದುಪಟ್ಟಾ, ಸಡಿಲವಾಗಿ. ಉಲ್ಲನ್ ಮಫ್ಲರ್ ಚುಚ್ಚುತ್ತದೆ, ನನಗದು ಗಾಳಿಗಿಂತ ಕಷ್ಟ. "ಅಜ್ಜಿಗೆ ಚಳೀನಾ?" ಅಂತ ಡ್ರೈವರ್ ಕೇಳಿದರು. ಅಕ್ಕನೇ ಉತ್ತರ ಕೊಟ್ಟಳು. ಗಾಳಿಯಲ್ಲಿ ಜೋರಾಗಿ ಮಾತಾಡಿದರೂ ನನಗೆ ಶುರುವಾಗಬಹುದು ಅನ್ನೋದು ಅವಳಿಗೆ ಗೊತ್ತು.

ಬುಲ್ ಟೆಂಪಲ್ ರಸ್ತೆ ಉದ್ದಕ್ಕೂ ಕಡಲೆಕಾಯಿ ರಾಶಿ. ಹುರಿದದ್ದು ನನಗೆ ಆಗುವುದಿಲ್ಲ. ಬೇಯಿಸಿದ್ದು ಒಂದು ಸೇರು ಕೊಂಡೆ, ಎಡಗಡೆ ಹಲ್ಲಲ್ಲಿ ಒಂದೊಂದೇ ಕಾಳು, ಉಪ್ಪುನೀರು ಹೀರಿಕೊಂಡು ಮೆತ್ತಗಾಗಿತ್ತು. ಎಷ್ಟು ರುಚಿ ಅಂದ್ರೆ ಮತ್ತೆ ಅರ್ಧ ಸೇರು ತಗೊಂಡೆವು.

ದೊಡ್ಡ ಗಣಪತಿ ಗುಡಿ ಹತ್ತಿರ ಒಂದು ಮಗು ಅಪ್ಪನ ಹೆಗಲ ಮೇಲೆ ಕೂತು ಬಲೂನ್ ಹಿಡಿದಿತ್ತು. ಅದು ತೇಲಿ ಬಂದು ನನ್ನ ಕೆನ್ನೆ ಸವರಿತು, ಅಷ್ಟೇ. ಮೂಗಿನ ಪಕ್ಕದಿಂದ ದವಡೆವರೆಗೆ ಎಳೆದುಹೋಯಿತು, ಬಲಗಣ್ಣಲ್ಲಿ ನೀರು. ಅಕ್ಕ ನನ್ನನ್ನು ಮುಟ್ಟಲಿಲ್ಲ, "ಏನಾಯ್ತೇ" ಅಂತ ಕೇಳಲೂ ಇಲ್ಲ. ಗಾಳಿಗೆ ಅಡ್ಡವಾಗಿ ನಿಂತಳು. ಸೊಸೆ ಪಕ್ಕದ ಅಂಗಡಿ ಮೆಟ್ಟಿಲಲ್ಲಿ ಜಾಗ ಮಾಡಿಸಿದಳು. ಮನೆಯವರಿಗೆ ಇಷ್ಟು ಗೊತ್ತಿದ್ದರೆ ಎಷ್ಟೋ ಸಲೀಸು. ಕೆನ್ನೆ ಸವರಿ ಸಮಾಧಾನ ಮಾಡುವುದು, ತಣ್ಣೀರು ಕುಡಿಸುವುದು, ಮಾತಾಡಿಸುವುದು, ಮೂರೂ ಬೇಡ. ಸ್ವಲ್ಪ ಹೊತ್ತಿಗೆ ನಿಂತಿತು. ಮನೆಗೆ ಹೋಗೋಣ್ವಾ ಅಂದಳು ಅಕ್ಕ. ಬಸವಣ್ಣನ್ನ ನೋಡದೆ ಬರಲ್ಲ ಅಂದೆ, ಹೋದೆವು. ನೋವಿಗೆ ಹೆದರಿ ಊಟ, ಮಾತು, ಓಡಾಟ ಎಲ್ಲ ಬಿಟ್ಟು ಕೂತವರನ್ನು ನೋಡಿದ್ದೇನೆ, ಸೊರಗಿ ಹೋಗುತ್ತಾರೆ. ಈ ಅಭ್ಯಾಸಗಳಿಂದ ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ನಾನು ಮನೆಯಿಂದ ಹೊರಗೆ ಬರುತ್ತಿರುವುದು ಇವುಗಳಿಂದಲೇ. ಮಾತ್ರೆಗೂ ಬಗ್ಗದಿದ್ದರೆ ರಕ್ತನಾಳವನ್ನು ನರದಿಂದ ಬಿಡಿಸುವ ಆಪರೇಷನ್ ಇದೆ, ಆ ಮಾತು ಬಂದಾಗ ನೋಡೋಣ.

ರಾತ್ರಿ ಊಟಕ್ಕೆ ಮುದ್ದೆ, ಬಸ್ಸಾರು. ಮುದ್ದೆಯನ್ನು ಅಗಿಯುವ ಹಾಗೇ ಇಲ್ಲ, ನುಂಗಿದರಾಯಿತು, ನನ್ನಂಥವರಿಗೆ ಇದಕ್ಕಿಂತ ಒಳ್ಳೇ ಊಟ ಇಲ್ಲ. ಮಾತ್ರೆ ತಗೊಂಡು ಡೈರಿಯಲ್ಲಿ ಬರೆದಿಟ್ಟೆ: ಬಲೂನ್ ತಾಕಿ ಬಲಗೆನ್ನೆ, ಮಧ್ಯಾಹ್ನ, ಒಂದು ಸಲ, ಕಡಲೆಕಾಯಿಗೆ ಏನೂ ಆಗಲಿಲ್ಲ. ಮುಂದಿನ ಸಲ ಡಾಕ್ಟರ್ ಮಾತ್ರೆ ಹೆಚ್ಚಿಸಬೇಕೋ ಇಳಿಸಬೇಕೋ ಅಂತ ಕೇಳುವಾಗ ಈ ಪುಟವನ್ನೇ ತೋರಿಸುತ್ತೇನೆ.