ಗುಜರಿ ಅಂಗಡಿಯಲ್ಲಿ ಸಿಕ್ಕ ಲೀಡ್

ಪೀಣ್ಯದಲ್ಲಿ ನಮ್ಮದು ರಟ್ಟಿನ ಬಾಕ್ಸ್ ಮಾಡುವ ಫ್ಯಾಕ್ಟರಿ. 3 ಪ್ಲೈ, ಅಂದರೆ ಮೂರು ಪದರದ ರಟ್ಟು, 5 ಪ್ಲೈ, ಭಾರದ ಸಾಮಾನಿಗೆ 7 ಪ್ಲೈ. ಸೇಲ್ಸ್ ನೋಡಿಕೊಳ್ಳುವವರು ನಾನು ಮತ್ತು ಮೇಷ್ಟ್ರು, ಇಬ್ಬರೇ. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಪೀಣ್ಯದ ಯಾವ ಗೇಟಿನ ಒಳಗೆ ಯಾರಿದ್ದಾರೆ, ಅಲ್ಲಿ ಪರ್ಚೇಸ್ ಯಾರ ಕೈಲಿದೆ ಎಂದು ಬಾಯಿಪಾಠ ಒಪ್ಪಿಸುತ್ತಾರೆ, ಅದಕ್ಕೆ ಆ ಹೆಸರು.

ಹೋದ ಮಳೆಗಾಲದಲ್ಲಿ ಓನರ್ ಒಂದು ಎಐ ಲೀಡ್ ಟೂಲ್‌ನ, ಅಂದರೆ ಗಿರಾಕಿ ಆಗಬಹುದಾದವರನ್ನು (ಲೀಡ್) ಹುಡುಕಿಕೊಡುವ ಸಾಫ್ಟ್‌ವೇರ್‌ನ ಟ್ರಯಲ್ ತಂದರು. ರೇಟು ಡಾಲರ್‌ನಲ್ಲಿ, ತಲೆಗೊಂದು ಲೈಸೆನ್ಸ್, ಇಡೀ ವರ್ಷದ್ದು ಮೊದಲೇ ಕಟ್ಟಿದರೆ ಡಿಸ್ಕೌಂಟ್. ಡೆಮೊ ಕೊಟ್ಟ ಹುಡುಗ ಹೋದ ಮೇಲೆ ಓನರ್ ನಮ್ಮಿಬ್ಬರನ್ನೂ ಕರೆದರು. "ಮೇಷ್ಟ್ರೇ, ನೀವು ನಿಮ್ಮ ರೀತೀಲಿ ಒಂದು ಲಿಸ್ಟ್ ಮಾಡಿ. ಇವನು ಟೂಲ್‌ನಿಂದ ಒಂದು ತೆಗೀಲಿ. ಆಮೇಲೆ ದುಡ್ಡು ಕಟ್ಟೋದಾ ಬೇಡ್ವಾ ನೋಡೋಣ." ಮೇಷ್ಟ್ರು "ಆಯ್ತು ಸರ್" ಎಂದು ಹೆಲ್ಮೆಟ್ ಎತ್ತಿಕೊಂಡು ಹೊರಟೇಬಿಟ್ಟರು.

ನಾನು ಎಸಿ ರೂಮಿನಲ್ಲಿ ಕೂತೆ. ಉದ್ಯಮ ಯಾವುದು, ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಆರಿಸಿದರೆ ಸಾಕು, ಟೂಲ್ ಕಂಪನಿಗಳನ್ನು ಸಾಲಾಗಿ ನಿಲ್ಲಿಸಿ ಪ್ರತಿಯೊಂದಕ್ಕೂ ಅಂಕ ಕೊಡುತ್ತದೆ. ಮೊದಲ ಸಾಲಿನಲ್ಲಿ ಬಂದವು ಪುಣೆ, ಕೊಯಮತ್ತೂರು. ಅಂಕ ಭರ್ಜರಿ. ಆದರೆ ನಮ್ಮ ಮಾಲು ಅಷ್ಟು ದೂರ ಹೋಗುವಂಥದ್ದಲ್ಲ. ಮಡಿಸಿಟ್ಟರೂ ಬಾಕ್ಸ್ ಲಾರಿಯಲ್ಲಿ ಜಾಗ ತಿನ್ನುತ್ತದೆ, ತೂಕಕ್ಕೆ ತಕ್ಕ ಬೆಲೆಯೂ ಇಲ್ಲ, ಬಾಡಿಗೆಯಲ್ಲೇ ಲಾಭ ಹೋಗುತ್ತದೆ. ಸರಿ, ಬೆಂಗಳೂರು, ತುಮಕೂರು, ಹೊಸೂರು ಅಷ್ಟೇ ಸಾಕು ಎಂದು ಕಟ್ಟುಹಾಕಿದೆ.

ಲಿಸ್ಟ್ ಸಣ್ಣದಾಯಿತು, ಗುಣವೇನೂ ಹೆಚ್ಚಲಿಲ್ಲ. ಇಂಥ ಟೂಲ್‌ಗಳು ಲಿಂಕ್ಡ್‌ಇನ್, ವೆಬ್‌ಸೈಟು, ಕೆಲಸದ ಜಾಹೀರಾತು ಎಲ್ಲ ಜಾಲಾಡಿ ಮಾಹಿತಿ ಕೂಡಿಸುತ್ತವೆ. ಸಾಫ್ಟ್‌ವೇರ್ ಮಾರುವವರಿಗೆ ಇದು ಹೇಳಿ ಮಾಡಿಸಿದ್ದು, ಅವರ ಗಿರಾಕಿಗಳೆಲ್ಲ ಅಲ್ಲೇ ಇರುತ್ತಾರೆ. ನಮ್ಮ ಲೈನಿನಲ್ಲಿ ಬಾಕ್ಸ್ ಆರ್ಡರ್ ಕೊಡುವವರು ಓನರ್ ಭಾಮೈದನೋ, ಸ್ಟೋರ್ಸ್ ನೋಡುವ ಹಳೆಯ ಯಜಮಾನರೋ ಆಗಿರುತ್ತಾರೆ. ಅವರಿಗೆಲ್ಲಿಯ ಲಿಂಕ್ಡ್‌ಇನ್!

ಜಿಎಸ್‌ಟಿ ನಂಬರ್ ಸಿಕ್ಕ ಕಂಪನಿಗಳನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿದೆ. ಅದಕ್ಕೆ ಲಾಗಿನ್ ಬೇಡ, ಕಾಸೂ ಬೇಡ. ನಂಬರಿನ ಮೊದಲ ಎರಡು ಅಂಕಿ 29 ಇದ್ದರೆ ಕರ್ನಾಟಕ, 33 ಇದ್ದರೆ ತಮಿಳುನಾಡು, ಅಂದರೆ ನಮಗೆ ಹೊಸೂರು. ನೋಂದಣಿ ಚಾಲ್ತಿಯಲ್ಲಿದೆಯಾ, ವ್ಯವಹಾರದ ವಿಳಾಸ ಯಾವುದು ಎಲ್ಲ ಬರುತ್ತದೆ. ಟೂಲ್ "ಬೆಳೆಯುತ್ತಿರುವ ಕಂಪನಿ" ಎಂದು ಹೊಗಳಿದ್ದ ಒಂದರ ನೋಂದಣಿ ರದ್ದಾಗಿತ್ತು. ಇನ್ನೊಂದಕ್ಕೆ ಟೂಲ್ ಕೊಟ್ಟಿದ್ದು ರಾಜಾಜಿನಗರದ ಆಫೀಸು, ಮಾಲು ಇಳಿಯುವುದು ಡಾಬಸ್‌ಪೇಟೆಯಲ್ಲಿ.

ಇಷ್ಟಾದರೂ ಟೂಲ್ ಒಂದು ಕೆಲಸ ಚೆನ್ನಾಗಿ ಮಾಡಿತು, ಅದನ್ನು ಹೇಳಲೇಬೇಕು. ನೆಲಮಂಗಲದ ಕಡೆಯ ಒಂದು ಫುಡ್ ಯೂನಿಟ್ ಪ್ಯಾಕಿಂಗ್ ಸೂಪರ್‌ವೈಸರ್ ಬೇಕೆಂದು ಜಾಹೀರಾತು ಹಾಕಿತ್ತು. ಟೂಲ್ ಅದನ್ನು ಹೆಕ್ಕಿ ತೋರಿಸಿತು. ಪ್ಯಾಕಿಂಗ್‌ಗೆ ಹೊಸಬರು ಬೇಕು ಅಂದರೆ ಹೊಸ ಲೈನ್ ಹಾಕುತ್ತಿರಬಹುದು, ಬಾಕ್ಸೂ ಬೇಕಾಗುತ್ತೆ ಅಲ್ವಾ? ಮೇಷ್ಟ್ರ ಗಾಡಿ ಆ ಕಡೆ ಯಾವತ್ತೂ ಹೋದದ್ದಿಲ್ಲ.

ಸಂಜೆ ಮೇಷ್ಟ್ರು ಫೋನ್ ಮಾಡಿ "ಬಾ ಇಲ್ಲಿಗೆ" ಎಂದು ಕರೆದರು. ಹೋದರೆ ಅದೊಂದು ಗುಜರಿ ಅಂಗಡಿ. ಸುತ್ತಲಿನ ಫ್ಯಾಕ್ಟರಿಗಳ ಹಳೆ ಬಾಕ್ಸ್‌ಗಳೆಲ್ಲ ಬಂದು ಬೀಳುವ ಜಾಗ. ಮೇಷ್ಟ್ರು ರಾಶಿಯಿಂದ ಒಂದನ್ನು ಎಳೆದು ನನ್ನ ಕೈಗಿಟ್ಟರು. ನಾಲ್ಕೂ ಮೂಲೆ ಕುಸಿದಿತ್ತು. ಒಳಗಿನ ಅಲೆಅಲೆಯ ಕಾಗದ ಚಪ್ಪಟೆಯಾಗಿ, ಒತ್ತಿದರೆ ಬೆರಳು ಒಳಗೇ ಹೋಗುತ್ತಿತ್ತು.

"ಇದು ಗೋಡೌನ್‌ನಲ್ಲಿ ಅಡಿಯಲ್ಲಿದ್ದ ಬಾಕ್ಸು ಕಣೋ. ಮೇಲೆ ಪೇರಿಸಿದ್ದರ ಭಾರ ತಡೀಲಿಲ್ಲ. ಮಳೆಗೆ ತೇವ ಬೇರೆ ಎಳ್ಕೊಂಡಿದೆ. 5 ಪ್ಲೈ ಹಾಕೋ ಕಡೆ 3 ಪ್ಲೈ ಹಾಕವ್ರೆ."

ಪಕ್ಕದಲ್ಲಿ ಗಿರಾಕಿಯ ಹೆಸರು, ಕೆಳಗಿನ ಮಡಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಬಾಕ್ಸ್ ಮಾಡಿದವರ ಹೆಸರು. ಇವತ್ತು ಯಾರ ಮಾಲು ಹಾಳಾಗುತ್ತಿದೆ, ಯಾರ ಬಾಕ್ಸಿನಿಂದ ಎನ್ನುವುದು ಆ ಒಂದು ರಟ್ಟಿನಲ್ಲೇ ಇತ್ತು. ಮೇಷ್ಟ್ರು ಫೋಟೊ ತೆಗೆದುಕೊಂಡರು. ಗುಜರಿಯವರು, "ಈ ಕಂಪ್ನಿದು ಈ ತಿಂಗ್ಳು ಜಾಸ್ತಿ ಬರ್ತಾ ಇದೆ ಸಾರ್" ಎಂದು ಇನ್ನಷ್ಟು ಸುದ್ದಿ ಕೊಟ್ಟರು.

ಟೂಲ್‌ಗೆ ಗೊತ್ತಿರುವುದು ಯಾರೋ ಎಲ್ಲೋ ಬರೆದು ಹಾಕಿದ್ದಷ್ಟೇ. ಬಾಕ್ಸ್ ಕುಸಿಯಿತು ಎಂದು ಯಾವ ಕಂಪನಿ ಬರೆದುಕೊಳ್ಳುತ್ತದೆ? ಮರುದಿನ ಮೇಷ್ಟ್ರು ಸ್ಯಾಂಪಲ್ ಹಿಡಿದು ಅದೇ ಕಂಪನಿಯ ಸ್ಟೋರ್ಸ್‌ಗೆ ಹೋದರು. ಹಳೆಯ ಬಾಕ್ಸನ್ನೂ ನಮ್ಮದನ್ನೂ ಅಕ್ಕಪಕ್ಕ ಇಟ್ಟರು. ಟ್ರಯಲ್ ಆರ್ಡರ್ ಬಂತು.

ಆದರೂ ಮೇಷ್ಟ್ರ ರೀತಿಯೇ ಸಾಕು ಎನ್ನಲು ನನಗೆ ಮನಸ್ಸಿಲ್ಲ. ಅವರ ಲಿಸ್ಟ್ ಇರುವುದು ಅವರ ತಲೆಯಲ್ಲಿ, ಉಳಿದದ್ದು ಅವರಿಗೆ ಮಾತ್ರ ಓದಲು ಬರುವ ಡೈರಿಯಲ್ಲಿ. ಅವರು ಊರಿನ ಜಾತ್ರೆಗೆ ಹೋದರೆ ನಮ್ಮ ಸೇಲ್ಸೂ ಜಾತ್ರೆಗೆ ಹೋದ ಹಾಗೆ.

ಓನರ್ ಮುಂದೆ ನಾನು ಗಟ್ಟಿಯಾಗಿ ಬೇಡ ಅಂದದ್ದು ಒಂದೇ, ಟೂಲ್ ತಾನೇ ಮೇಲ್ ಬರೆದು ಎಲ್ಲರಿಗೂ ಕಳಿಸುವುದು. ದಿನಕ್ಕೆ ಜಿಮೇಲ್ ಐಡಿಗಳಿಗೆ ಸುಮಾರು 5,000 ಅಥವಾ ಅದಕ್ಕಿಂತ ಜಾಸ್ತಿ ಮೇಲ್ ಕಳಿಸುವವರಿಗೆ ಜಿಮೇಲ್ 2024ರ ಫೆಬ್ರುವರಿಯಿಂದ ನಿಯಮ ಬಿಗಿ ಮಾಡಿದೆ, ಸ್ಪ್ಯಾಮ್ ದೂರು ಶೇ 0.3 ಮುಟ್ಟಬಾರದು. ನಾವು ಅಷ್ಟು ಕಳಿಸುವವರಲ್ಲ, ನಿಜ, ಆದರೆ ದೂರಿನ ಈ ಮಿತಿ ಎಲ್ಲರಿಗೂ ಇದೆ. ಸಾವಿರಕ್ಕೆ ಮೂವರು ಬೇಜಾರಾಗಿ ಸ್ಪ್ಯಾಮ್ ಒತ್ತುವುದೇನು ದೊಡ್ಡ ವಿಷಯವಾ? ನಮ್ಮ ಗಿರಾಕಿಗಳಲ್ಲಿ ತುಂಬಾ ಜನರದ್ದು ಜಿಮೇಲ್ ಐಡಿ. ನಮ್ಮ ಇನ್‌ವಾಯ್ಸ್ ಹೋಗುವುದೂ ಈ ಮೇಲ್‌ಗಳು ಹೋಗುವ ನಮ್ಮ ವಿಳಾಸದಿಂದಲೇ. ಹೊಸ ಗಿರಾಕಿ ಹುಡುಕಲು ಹೋಗಿ ಹಳೆ ಗಿರಾಕಿಯ ಬಿಲ್ ಸ್ಪ್ಯಾಮ್‌ಗೆ ಬಿದ್ದರೆ ಪೇಮೆಂಟ್ ಯಾರು ಕೊಡುತ್ತಾರೆ?

ಓನರ್ ವರ್ಷದ ಕರಾರು ಬಿಟ್ಟು ಒಂದೇ ಲೈಸೆನ್ಸ್ ತಗೊಂಡರು, ತಿಂಗಳ ಲೆಕ್ಕದಲ್ಲಿ. ಅದರಲ್ಲಿ ನಾನು ನೋಡುವುದು ಕೆಲಸದ ಜಾಹೀರಾತು, ಹೊಸ ಯೂನಿಟ್ ಸುದ್ದಿ ಇಷ್ಟೇ, ಅದೂ ಮೇಷ್ಟ್ರು ಹೋಗದ ಜಿಗಣಿ, ಹೊಸೂರು ಕಡೆಯದ್ದು. ಮೇಷ್ಟ್ರ ಗುಜರಿ ಫೋಟೊಗಳು ವಾಟ್ಸಾಪ್‌ನಲ್ಲಿ ಬರುತ್ತವೆ, ನಾನು ಶೀಟ್‌ಗೆ ಹತ್ತಿಸುತ್ತೇನೆ. ಮೇಷ್ಟ್ರು ಮಾತ್ರ, "ಅದಕ್ಕೆ ಡಾಲರ್ ಕಟ್ತೀರಿ, ನನ್ನ ಪೆಟ್ರೋಲ್ ಭತ್ಯೆ ಯಾವಾಗ ಏರಿಸ್ತೀರಿ ಸರ್?" ಎಂದು ಅರ್ಜಿ ಹಾಕಿದ್ದಾರೆ. ಓನರ್ ಇನ್ನೂ ಉತ್ತರ ಕೊಟ್ಟಿಲ್ಲ.